ಬಾಡಿಗೆಯಲ್ಲ, ಉಡಿ

ವಿಶಾಲಾಕ್ಷಿ ಕುಂದಗೋಳ ಅವರನ್ನು ನಾನು ಕೆಲವು ದಿನ ಜಿಪುಣಿ ಎಂದೇ ತಿಳಿದಿದ್ದೆ. ಕೋಲ್ಕತ್ತದ ನಮ್ಮ ಕನ್ನಡ ಸಂಘದಲ್ಲಿ ಒಬ್ಬರ ಬಗ್ಗೆ ಒಂದು ಅಭಿಪ್ರಾಯ ಹುಟ್ಟಿತೆಂದರೆ ಅದಕ್ಕೆ ಸಾವಿಲ್ಲ. ಸಂಘದ ಕಾರ್ಯದರ್ಶಿಯಾದ ನನ್ನ ಅಭಿಪ್ರಾಯವಾದರಂತೂ ಅದಕ್ಕೆ ಠರಾವಿನ ಗತ್ತು ಬಂದುಬಿಡುತ್ತದೆ. ನನಗೆ ತಲುಪಿದ ಸುದ್ದಿ ಇಷ್ಟು: ಆಕೆ ತಮ್ಮ ಕಾರಿನ ವಿಮಾ ಕಂಪನಿಯ ಮೇಲೆ ಗ್ರಾಹಕರ ಕೋರ್ಟಿನಲ್ಲಿ ಹಾಕಿದ್ದ ಕೇಸು ತೀರ್ಮಾನವಾಗಿದೆ, ರಿಪೇರಿಯ ಖರ್ಚಿನಲ್ಲಿ ಮುಕ್ಕಾಲು ಪಾಲು ಕೊಡಬೇಕೆಂದು ಆದೇಶವಾಗಿದೆ, ಆದರೂ ಆಯಮ್ಮ ಮೇಲಿನ ಕೋರ್ಟಿಗೆ ಹೋಗುತ್ತಾರಂತೆ. ಉಳಿದ ಕಾಲು ಪಾಲಿಗೆ!

ನಾನು ಜೀವನದಲ್ಲಿ ಯಾವ ಕೋರ್ಟಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಹಾಗಾಗಿ ಕಾನೂನಿನ ಬಗ್ಗೆ ಬುದ್ಧಿ ಹೇಳಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ಸಂಘದ ತಿಂಗಳ ಕೂಟದ ದಿನ ಅಡುಗೆಮನೆಗೇ ಹೋದೆ. ಆಕೆ ದೊಡ್ಡ ಪರಾತದಲ್ಲಿ ಗಿರ್ಮಿಟ್ ಕಲಸುತ್ತಿದ್ದರು. ಧಾರವಾಡದ ಗಿರ್ಮಿಟ್ಟು, ಬಂಗಾಳದ ಮಂಡಕ್ಕಿ. ನಮ್ಮ ಸಂಘದಲ್ಲಿ ಎರಡು ರಾಜ್ಯಗಳ ಬಾಂಧವ್ಯ ಭಾಷಣದ ಹೊರಗೆ ಇರುವುದು ಆ ಪರಾತದಲ್ಲಿ ಮಾತ್ರ.

"ಮೇಡಂ, ಮುಕ್ಕಾಲು ಬಂದ ಮೇಲೆ ಕಾಲಿಗೆ ಯಾಕೆ ಗುದ್ದಾಡ್ತೀರಿ? ಅದೆಲ್ಲ ವಕೀಲರ ಫೀಸಿಗೇ ಹೋಗತ್ತೆ" ಎಂದೆ.

ಆಕೆ ತಲೆ ಎತ್ತಲಿಲ್ಲ. "ಆ ಕಾಲುಪಾಲು ನಿಮಗ ಬೇಕೇನ್ರಿ?"

"ನನಗ್ಯಾಕೆ?"

"ನನಗೂ ಬ್ಯಾಡ. ಸಂಘಕ್ಕ ಕೊಡ್ತೀನಿ, ಅಧ್ಯಕ್ಷರು ಇನ್ನೊಂದು ಮೈಕ್ ತೊಗೊಳ್ಳಿ. ನಾ ಹೊಂಟಿದ್ದು ರೊಕ್ಕಕ್ಕಲ್ರಿ ಸರ, ಒಂಬತ್ತನೇ ಪ್ಯಾರಾ ಹೊಡಸಿ ಹಾಕಸಾಕ. ಈಗ ಅಲ್ಲಿಂದ ಆ ಉಳ್ಳಾಗಡ್ಡಿ ಕೊಡ್ರಿ ಇಲ್ಲೆ."

ಉಳ್ಳಾಗಡ್ಡಿ ಎಂದರೆ ಈರುಳ್ಳಿ ಎಂದು ಈ ಮೈಸೂರಿನವನಿಗೆ ಹೊಳೆಯುವಷ್ಟರಲ್ಲಿ ಆಕೆಯೇ ಕೈಚಾಚಿ ತೆಗೆದುಕೊಂಡಿದ್ದರು. ಜಿಪುಣಿಯ ಠರಾವು ಅಲ್ಲಿಗೆ ಬಿದ್ದುಹೋಯಿತು. ತೀರ್ಪಿನ ಒಂಬತ್ತನೆಯ ಪ್ಯಾರಾದಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಆಕೆಯ ಕಾರಿನ ಕಥೆ ಹೇಳಬೇಕು.

ಕಾರು ಸಣ್ಣದು, ನೀಲಿಯದು. ಕೊಂಡವರು ಆಕೆಯ ಗಂಡ ಶರಣಪ್ಪ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ವಾರದಲ್ಲಿ ಆರು ದಿನ ಅದನ್ನು ಒರೆಸುತ್ತಿದ್ದರು, ಏಳನೆಯ ದಿನ ಓಡಿಸುತ್ತಿದ್ದರು. ಅವರು ಎದೆನೋವಿನಿಂದ ತೀರಿಕೊಂಡ ಮೇಲೆ ವಿಶಾಲಾಕ್ಷಿಯವರಿಗೆ ಅನುಕಂಪದ ಆಧಾರದ ಮೇಲೆ ಸಿಯಾಲ್ದಾ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೆಲಸವಾಯಿತು. ಊರಿನಿಂದ ಬಂದ ಬಂಧುಗಳು ಎರಡು ಸಲಹೆ ಕೊಟ್ಟರಂತೆ: ಕಾರು ಮಾರು, ಮಗಳನ್ನು ಕರೆದುಕೊಂಡು ಊರಿಗೆ ಬಾ. ಆಕೆ ಎರಡನ್ನೂ ಕೇಳಿಸಿಕೊಂಡು, ಬಂಧುಗಳನ್ನು ರೈಲು ಹತ್ತಿಸಿ, ಅಲ್ಲಿಂದ ನೇರವಾಗಿ ಡ್ರೈವಿಂಗ್ ಸ್ಕೂಲಿಗೆ ಹೋದರು. "ಮಾಶಿಮಾ, ನೀವು ಸ್ಟಿಯರಿಂಗಿಗಿಂತ ಹಾರ್ನನ್ನೇ ಹೆಚ್ಚು ನಂಬ್ತೀರಿ" ಎಂದು ಅಲ್ಲಿಯ ಮೇಷ್ಟ್ರು ಈ ಚಿಕ್ಕಮ್ಮನಿಗೆ ಹೇಳಿದ್ದರಂತೆ. ಕೋಲ್ಕತ್ತದಲ್ಲಿ ಅದೇ ಸರಿ ಎಂದು ಆಕೆಯ ವಾದ.

ಕಾಶಿ, ಗಯೆ ಮುಗಿಸಿ ಕಾಳಿಘಾಟಿಗೆ ಬರುವ ನಮ್ಮ ಕಡೆಯ ಯಾತ್ರಿಕರು ಹೇಗೋ ಸಂಘದ ನಂಬರು ಹುಡುಕಿ ಫೋನು ಮಾಡುತ್ತಾರೆ. ಅಧ್ಯಕ್ಷರಾದ ಅಶ್ವತ್ಥನಾರಾಯಣರು ಫೋನಿನಲ್ಲೇ ಸ್ವಾಗತ ಭಾಷಣ ಮಾಡಿ ಮುಗಿಸುತ್ತಾರೆ. ಕಾರು ತರುವವರು ವಿಶಾಲಾಕ್ಷಿ. ಪೆಟ್ರೋಲು ಆಕೆಯದೇ. ಯಾರಾದರೂ ಕೊಡಲು ಬಂದರೆ, "ನಮ್ಮನಿಯವರು ಇದ್ದಾಗ ಹಿಂಗ ಕರಕೊಂಡ್ ಹೋಗ್ತಿದ್ರು, ಕೂಡ್ರಿ ಸುಮ್ನ" ಎಂದು ಗದರುತ್ತಿದ್ದರು.

ಹಾಗೆ ಬಂದವರಲ್ಲಿ ನೀಲವ್ವ ಒಬ್ಬರು. ಶರಣಪ್ಪನವರ ಊರಿನ ಕಡೆಯ ಹಿರಿಯ ಹೆಣ್ಣುಮಗಳು, ಜೊತೆಗೆ ಇಬ್ಬರು ಸೊಸೆಯಂದಿರು. ಕಾಳಿಘಾಟಿನ ಓಣಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದೆಂದರೆ ಅದೇ ಒಂದು ದೇವರ ದಯೆ. ವಿಶಾಲಾಕ್ಷಿ ಕಾರಿನಲ್ಲೇ ಕೂತರು. ಉಳಿದವರು ಒಳಗೆ ಹೋಗಿ ದೇವಿಗೆ ಉಡಿ ತುಂಬಿ ಬಂದರು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ದೇವಿಗೂ, ಮನೆಗೆ ಬಂದ ಮುತ್ತೈದೆಗೂ ಹಾಗೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಶಿನ ಕೊಂಬು, ಕುಬುಸದ ಕಣ ಇಟ್ಟು, ಮೇಲೊಂದು ನೋಟು, ಅದರ ಮೇಲೊಂದು ನಾಣ್ಯ ಇಡುತ್ತಾರೆ. ಗಂಡ ಸತ್ತವಳಿಗೆ ಇಡುವುದಿಲ್ಲ.

ನೀಲವ್ವ ಬಂದವರೇ ಮುಂದಿನ ಬಾಗಿಲು ತೆಗೆದು, "ಸೆರಗ ಒಡ್ಡ ತಂಗಿ" ಎಂದರು.

"ಅಮ್ಮಾರ, ನಾನು..."

"ಗೊತ್ತೈತಿ. ನಾನೂ ನಿನ್ನಂಗ ಗಂಡ ಇಲ್ಲದಾಕಿ. ಈಗ ದೇವಿಗೆ ತುಂಬಿ ಬಂದೆ, ಆಕಿ ಏನೂ ಅನ್ನಲಿಲ್ಲ. ನಿಂದೇನ ನಡುವ?"

ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಹಿಂದಿನ ಟ್ಯಾಕ್ಸಿಯವನು ಒಂದೇ ಸಮನೆ ಹಾರ್ನು ಹೊಡೆಯುತ್ತಿದ್ದನಂತೆ. ವಿಶಾಲಾಕ್ಷಿ ಸೀಟ್ ಬೆಲ್ಟು ಬಿಚ್ಚಿ ಸೆರಗು ಒಡ್ಡಿದರು. ಶರಣಪ್ಪ ಹೋದ ಮೇಲೆ ಆ ಸೆರಗಿಗೆ ಬಿದ್ದ ಮೊದಲ ಅಕ್ಕಿ ಅದು.

ವಾಪಸು ಹೊರಟಾಗ ನೀಲವ್ವನಿಗೆ ಹಡಗು ನೋಡಬೇಕು ಅನ್ನಿಸಿತು. ಎರೆಮಣ್ಣಿನ ಬಯಲಿನಲ್ಲಿ ಹುಟ್ಟಿ ಬೆಳೆದ ಅಜ್ಜಿ, ಹಡಗು ನೋಡದೆ ಊರಿಗೆ ಹೋಗಿ ಏನೆಂದು ಹೇಳುವುದು? ಖಿದಿರ್‌ಪುರದ ಕಡೆ ತಿರುಗಿದರು. ಹಡಗು ಕಾಣುವ ಮೊದಲೇ ಒಂದು ಕಂಟೇನರ್ ಲಾರಿ ಕಂಡಿತು. ಅದು ಹಿಂದಕ್ಕೆ ಬರುತ್ತಲೇ ಇತ್ತು. ವಿಶಾಲಾಕ್ಷಿ ತಾವು ನಂಬಿದ ಹಾರ್ನನ್ನು ಪೂರ್ತಿ ಒತ್ತಿದರು. ನಿಂತ ಕಾರಿನ ಮೂತಿ ಹಪ್ಪಳವಾಯಿತು. ಯಾರಿಗೂ ಏನೂ ಆಗಲಿಲ್ಲ. ಲಾರಿ ನಿಲ್ಲದೆ ಹೋಯಿತು. ನೀಲವ್ವ ಕೆಳಗಿಳಿದು, ನಡುರಸ್ತೆಗೆ ಉರುಳಿದ್ದ ಕೊಬ್ಬರಿ ಬಟ್ಟಲನ್ನು ಎತ್ತಿ ತಂದು ಮತ್ತೆ ವಿಶಾಲಾಕ್ಷಿಯವರ ಮಡಿಲಿಗೆ ಹಾಕಿದರಂತೆ.

ವಿಮೆ ಇತ್ತು, ಕಂತು ಒಮ್ಮೆಯೂ ತಪ್ಪಿರಲಿಲ್ಲ. ಕಂಪನಿಯವರು ತನಿಖೆಗೆ ಒಬ್ಬನನ್ನು ಕಳಿಸಿದರು. ಸ್ವಂತದ ಕಾರನ್ನು ಬಾಡಿಗೆಗೆ ಓಡಿಸಿದರೆ ವಿಮೆ ಸಿಗುವುದಿಲ್ಲ, ಅದು ನಿಯಮ. ಆದ್ದರಿಂದ ಕಾರಿನಲ್ಲಿದ್ದವರು ಯಾರು ಎಂದು ವಿಚಾರಿಸಿದರು. ಕಂಪನಿಯ ಹುಬ್ಬಳ್ಳಿ ಶಾಖೆಯಿಂದ ಯಾರೋ ಕನ್ನಡದವನೇ ನೀಲವ್ವನಿಗೆ ಫೋನು ಮಾಡಿ, "ಅಜ್ಜೀ, ಕಾರಿಗೆ ಏನರ ಕೊಟ್ರೋ, ಹಂಗಽ ಹೋಗಿದ್ರೋ?" ಎಂದು ಕೇಳಿದ.

ಹಂಗೇ ಹೋಗಿದ್ರೋ! ನೀಲವ್ವನ ಹಿಂದಿನ ಏಳು ತಲೆಮಾರಿನಲ್ಲಿ ಯಾರೂ ಇನ್ನೊಬ್ಬರ ಗಾಡಿಯನ್ನು ಪುಕ್ಕಟೆ ಹತ್ತಿದವರಲ್ಲ. "ಏ ತಮ್ಮಾ, ನಾವು ಪುಕ್ಕಟ ಹತ್ತೂ ಮಂದಿ ಅಲ್ಲ. ಅಕ್ಕಿ ಕೊಟ್ಟೇವಿ, ಕೊಬ್ಬರಿ ಕೊಟ್ಟೇವಿ, ಕಣಾ ಕೊಟ್ಟೇವಿ, ಮ್ಯಾಲ ರೊಕ್ಕಾ ಇಟ್ಟೇವಿ. ಬರಕೋ!"

ಅವನು ಬರೆದುಕೊಂಡ. ಪ್ರಯಾಣಿಕರು ನಗದು ಹಾಗೂ ವಸ್ತುರೂಪದಲ್ಲಿ ಪಾವತಿ ಮಾಡಿದ್ದನ್ನು ಒಪ್ಪಿಕೊಂಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡ. ಕಂಪನಿ ಒಂದು ಪೈಸೆಯನ್ನೂ ಕೊಡುವುದಿಲ್ಲ ಎಂದಿತು. ವಿಶಾಲಾಕ್ಷಿ ಕೇಸು ಹಾಕಿದರು.

ವಿಷಯ ತಿಳಿದು ನೀಲವ್ವ ಅಳುತ್ತ ಫೋನು ಮಾಡಿದ್ದರು: "ನನ್ನ ಮರ್ಯಾದಿ ಉಳಸಾಕ ಹೋಗಿ ನಿನ್ನ ಮರ್ಯಾದಿ ಕಳದ್ನೆಲ್ಲ ತಂಗಿ!"

"ನೀವು ಖರೇನ ಹೇಳೀರಿ ಅಮ್ಮಾರ. ಕೇಳಿದವಂಗ ತಿಳೀಲಿಲ್ಲ, ಅಷ್ಟ."

ಆಕೆಯ ವಕೀಲ ಮಿಹಿರ್‌ಬಾಬು ಒಳ್ಳೆಯ ಮನುಷ್ಯ. ವಿಶಾಲಾಕ್ಷಿಯವರನ್ನು ಬೌದಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಾರೆ. ಏನೂ ಕೊಟ್ಟಿಲ್ಲ ಎಂದು ಆ ಮುದುಕಿಯಿಂದ ಒಂದು ಅಫಿಡವಿಟ್ ತರಿಸಿದರೆ ಕೇಸು ಒಂದೇ ದಿನದಲ್ಲಿ ಮುಗಿಯುತ್ತದೆ ಎಂದು ಅವರು ಸೂಚಿಸಿದರು. ವಿಶಾಲಾಕ್ಷಿ ಒಪ್ಪಲಿಲ್ಲ. "ಕೊಟ್ಟಾರ. ಇಲ್ಲ ಅಂತ ಯಾಕ ಬರೀಬೇಕು? ಕೊಟ್ಟಿದ್ದು ಬಾಡಿಗಿ ಅಲ್ಲ, ಉಡಿ. ಅಷ್ಟ ಹೇಳ್ರಿ ನೀವು."

ಹಾಗಾದರೆ ಗಂಡ ಸತ್ತವರಿಗೆ ಉಡಿ ತುಂಬಿದ ಸಂಗತಿಯನ್ನೇ ಕೋರ್ಟಿನಲ್ಲಿ ಹೇಳೋಣ, ಕೇಳಿದವರ ಕಣ್ಣಲ್ಲಿ ನೀರು ಬರುತ್ತದೆ ಎಂದರು ಮಿಹಿರ್‌ಬಾಬು.

"ಅಳಸಿ ಗೆಲ್ಲೂದಾದ್ರ ನನಗ ಆ ಗೆಲುವು ಬ್ಯಾಡ್ರಿ."

ಮಿಹಿರ್‌ಬಾಬು ಬರಿಗೈಯಲ್ಲಿ ಯುದ್ಧಕ್ಕೆ ಹೋದವರಂತೆ ವಾದಿಸಿದರು. ಬಂದ ತೀರ್ಪು ನಡುದಾರಿಯದು. ಒಂಬತ್ತನೆಯ ಪ್ಯಾರಾ ಹೇಳಿದ್ದು ಇದು: ಸಂಪ್ರದಾಯದ ಹೆಸರಿನಲ್ಲಾದರೂ ಅರ್ಜಿದಾರರು ಪ್ರಯಾಣಿಕರಿಂದ ಪ್ರತಿಫಲ ಪಡೆದಿರುವುದು ನಿಜ, ಆದ್ದರಿಂದ ವಿಮೆಯ ಷರತ್ತು ಮುರಿದಂತಾಗಿದೆ, ಆದರೆ ಅದು ಭಾರಿ ತಪ್ಪಲ್ಲ, ಹಾಗಾಗಿ ಮುಕ್ಕಾಲು ಪಾಲು ಕೊಡತಕ್ಕದ್ದು.

ಸಂಘದಲ್ಲಿ ಸಂಭ್ರಮವೋ ಸಂಭ್ರಮ. ಅಶ್ವತ್ಥನಾರಾಯಣರು ಶಾಲು ತರಿಸಿಬಿಟ್ಟರು. ಅವರ ಮನೆಯಲ್ಲಿ ಶಾಲುಗಳು ಸದಾ ಸಿದ್ಧವಾಗಿರುತ್ತವೆ, ಕೊರಳುಗಳದೇ ಕೊರತೆ. ಅಂಥ ಹೊತ್ತಿನಲ್ಲಿ ಆಕೆ ಮೇಲ್ಮನವಿ ಎಂದದ್ದು, ನಾನು ಜಿಪುಣಿ ಎಂದುಕೊಂಡದ್ದು.

ಮೇಲ್ಮನವಿ ವಿಚಾರಣೆಗೆ ಬರುವ ಮುಂಚೆ ಕಂಪನಿಯಿಂದ ಒಂದು ಮಾತು ಬಂತು. ಉಳಿದ ಕಾಲು ಪಾಲನ್ನೂ ಕೊಟ್ಟುಬಿಡುತ್ತೇವೆ, ಮೇಲ್ಮನವಿ ವಾಪಸು ತೆಗೆದುಕೊಳ್ಳಿ. ಈ ಸಂತೋಷದ ಸುದ್ದಿ ಹೇಳಲು ಮಿಹಿರ್‌ಬಾಬು, ಅಧ್ಯಕ್ಷರು, ನಾನು, ಮೂವರೂ ಆಕೆಯ ರೈಲ್ವೆ ಕ್ವಾರ್ಟರ್ಸಿಗೆ ಹೋದೆವು. ಸಂತೋಷದ ಸುದ್ದಿ ಹೇಳಲು ಮೂವರು ಗಂಡಸರು ಬೇಕಾಗುತ್ತದೆ. ಮಗಳು ನಮ್ರತಾ ಚಹಾ ತಂದಳು.

ವಿಶಾಲಾಕ್ಷಿ ಪೂರ್ತಿ ಕೇಳಿಸಿಕೊಂಡು, "ಆ ಪ್ಯಾರಾ?" ಎಂದರು.

"ಪ್ಯಾರಾ ಅಲ್ಲೇ ಇರುತ್ತೆ, ಬೌದಿ. ಯಾರು ಓದ್ತಾರೆ ಅದನ್ನ?"

"ನಾ ಓದ್ತೀನಿ."

ಅಶ್ವತ್ಥನಾರಾಯಣರು ಗಂಟಲು ಸರಿಮಾಡಿಕೊಂಡರು. "ನೋಡಮ್ಮಾ, ದೊಡ್ಡವನಾಗಿ ಹೇಳ್ತೀನಿ. ನಾನು ನಲವತ್ತು ವರ್ಷ ಸರ್ಕಾರಿ ಸೇವೆ ಮಾಡಿದೋನು. ಕಾಗದದಲ್ಲಿ ಸಾವಿರ ಬರೀತಾರೆ. ಪೂರ್ತಿ ದುಡ್ಡು ಬಂದ್ರೆ ಪೂರ್ತಿ ಗೆದ್ದ ಹಾಗೆ."

"ಅಧ್ಯಕ್ಷರ, ನಾಳೆ ಯಾರರ ನಿಮ್ಮ ಸರ್ವಿಸ್ ಬುಕ್ಕಿನ್ಯಾಗ ಲಂಚಾ ತೊಗೊಂಡಾರ ಅಂತ ಬರದು, ಪೆನ್ಷನ್ ಪೂರ್ತಿ ಕೊಟ್ರ ನಡೀತೈತೇನ್ರಿ?"

ಅಧ್ಯಕ್ಷರು ಚಹಾದ ಕಡೆ ತಿರುಗಿದರು. ನಮ್ರತಾ ಅಮ್ಮನ ಭುಜ ಹಿಡಿದು, "ಮಾ, ಛೇಡೆ ದಾವೊ ನಾ! ಬಿಡು ಇದನ್ನ. ಐ ಆಮ್ ಟಯರ್ಡ್, ನೀನೂ ಟಯರ್ಡ್" ಎಂದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಬಂದಷ್ಟು ಬರುತ್ತದೆ.

ವಿಶಾಲಾಕ್ಷಿ ಮಗಳಿಗೆ ಉತ್ತರ ಕೊಟ್ಟದ್ದು ಮೆಲ್ಲಗೆ. "ನಿಮ್ಮಪ್ಪ ಸತ್ತಮ್ಯಾಲ ಯಾವ ಮದವಿಗೆ ಹೋದ್ರೂ ಉಡಿ ತುಂಬೂ ಹೊತ್ತಿಗೆ ನಾ ಎದ್ದು ನೀರ ಕುಡ್ಯಾಕ ಹೋಗ್ತಿದ್ದೆ, ಗೊತ್ತೈತೇನ ನಿನಗ? ಎದ್ದು ಹೋಗಂತ ಯಾರೂ ಅನ್ನಬಾರದಲ್ಲ, ಅದಕ್ಕ ನಾನ ಹೋಗ್ತಿದ್ದೆ. ಆ ಮುದುಕಿ ನಡು ಓಣ್ಯಾಗ ತುಂಬಿದ್ಲು. ಅದನ್ನ ಟ್ಯಾಕ್ಸಿ ಬಾಡಿಗಿ ಅಂತ ಸರ್ಕಾರಿ ಕಾಗದದಾಗ ಬರದಿಟ್ಟಾರ. ಹಂಗ ಬಿಟ್ಟು ಕೊಡಲೇನ?"

ನಮ್ರತಾ ಕೈ ತೆಗೆಯಲಿಲ್ಲ. ಹಾಗೆಯೇ ಮಿಹಿರ್‌ಬಾಬು ಕಡೆ ತಿರುಗಿ ಬಂಗಾಳಿಯಲ್ಲಿ, "ಕಾಕು, ವಿಚಾರಣೆ ಯಾವತ್ತು?" ಎಂದಳು.

ವಿಚಾರಣೆ ಬಂದದ್ದು ಜೂನಿನಲ್ಲಿ, ಕೋಲ್ಕತ್ತದಲ್ಲಿ ಸೆಕೆಗೂ ಬೆವರಿಗೂ ಪೈಪೋಟಿ ನಡೆಯುವ ಕಾಲ. ಸಂಘದ ಪರವಾಗಿ ನಾನು ಹೋಗಿದ್ದೆ. ನೈತಿಕ ಬೆಂಬಲ ಎಂದು ಅಧ್ಯಕ್ಷರು ಅದಕ್ಕೆ ಹೆಸರಿಟ್ಟಿದ್ದರು. ಹೊರಗಿನ ಬೆಂಚಿನಲ್ಲಿ ನಾವು ಕಾಯುತ್ತಿದ್ದಾಗ ಕಂಪನಿಯ ವಕೀಲ, ಹೊಸದಾಗಿ ಮದುವೆಯಾದ ಚೂಟಿ ಹುಡುಗ, ಮಿಹಿರ್‌ಬಾಬು ಹತ್ತಿರ ತನ್ನ ಮೊದಲ ಜಮಾಯಿ ಷಷ್ಠಿಯ ವೈಭವ ವರ್ಣಿಸುತ್ತಿದ್ದ. ಅದು ಬಂಗಾಳದಲ್ಲಿ ಅತ್ತೆ ಅಳಿಯನನ್ನು ಕರೆದು ಉಪಚರಿಸುವ ಹಬ್ಬ. ಬೆಳಿಗ್ಗೆ ಅತ್ತೆಯನ್ನು ತಾನೇ ಕಾರಿನಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋದದ್ದು, ಮಧ್ಯಾಹ್ನ ಇಲಿಶ್ ಮೀನಿನ ಊಟ, ಆಮೇಲೆ ಧೋತಿ, ರೇಷ್ಮೆಯ ಪಂಜಾಬಿ ಜುಬ್ಬ, ಒಂದು ಲಕೋಟೆ. ವಿಶಾಲಾಕ್ಷಿ ಛಾವಣಿಯ ಫ್ಯಾನು ನೋಡುತ್ತ ಕೂತಿದ್ದರು. ಅವರು ಫ್ಯಾನು ನೋಡುತ್ತಿದ್ದಾರೆಂದೇ ನಾವೆಲ್ಲ ತಿಳಿದಿದ್ದೆವು.

ಒಳಗೆ ಅದೇ ಹುಡುಗ ಎದ್ದು ಚೆನ್ನಾಗಿಯೇ ವಾದಿಸಿದ. "ಅಕ್ಕಿ, ತೆಂಗು, ಬಟ್ಟೆ, ನಗದು. ಅನ್ನವೂ ಆಯಿತು, ಬಟ್ಟೆಯೂ ಆಯಿತು, ಹಣವೂ ಆಯಿತು. ಇದು ಪ್ರತಿಫಲವಲ್ಲದಿದ್ದರೆ ಜಗತ್ತಿನಲ್ಲಿ ಪ್ರತಿಫಲ ಎಂದರೆ ಯಾವುದು?"

ಮಿಹಿರ್‌ಬಾಬು ಏಳುವ ಮೊದಲೇ ವಿಶಾಲಾಕ್ಷಿ ಎದ್ದು ನಿಂತಿದ್ದರು. ಮಿಹಿರ್‌ಬಾಬು ಸೆರಗು ಹಿಡಿದು ಎಳೆಯಲಾಗದೆ ತಮ್ಮ ಕೋಟನ್ನೇ ಎಳೆದುಕೊಂಡರು. ಪೀಠದಲ್ಲಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿ, "ಕಾರು ನಿಮ್ಮದೇ? ಹೇಳಿ" ಎಂದರು.

ಆಕೆಯ ಬಂಗಾಳಿ ಪಾರ್ಸೆಲ್ ಆಫೀಸಿನಲ್ಲಿ ಕಲಿತದ್ದು. ವ್ಯಾಕರಣ ಕಮ್ಮಿ, ಕೇಳಿಸುವುದು ಜಾಸ್ತಿ. ನನ್ನ ಕಿವಿಗೆ ಅದು ಧಾರವಾಡದ ಕನ್ನಡದ ಹಾಗೆಯೇ ಕೇಳಿಸಿತು.

"ವಕೀಲಸಾಹೇಬ್ರ, ಹೋದ ವಾರ ಅತ್ತಿಯವರನ್ನ ದೇವಸ್ಥಾನಕ್ಕ ಯಾರ ಕಾರಿನ್ಯಾಗ ಕರಕೊಂಡು ಹೋಗಿದ್ರಿ?"

"ನನ್ನ ಕಾರಿನಲ್ಲಿ. ಅದಕ್ಕೂ ಇದಕ್ಕೂ..."

"ಸ್ವಂತದ್ದ ಅಲ್ಲ? ಆಮ್ಯಾಲ ಅವರು ಏನ ಕೊಟ್ರು? ಮೀನ, ಧೋತ್ರ, ಅಂಗಿ, ಲಕೋಟಿ. ಅನ್ನಾನೂ ಆತು, ಬಟ್ಟೀನೂ ಆತು, ರೊಕ್ಕಾನೂ ಆತು. ನಿಮ್ಮ ಕಾರಿನ ವಿಮಾ ಕಂಪನಿಗೆ ತಿಳಿಸೀರೇನು, ಬಾಡಿಗಿ ಹೊಡದೀನಿ ಅಂತ?"

ಹುಡುಗ ಕೆಂಪಗಾದ. "ಮೇಡಂ, ಅದು ಆಶೀರ್ವಾದ!"

ವಿಶಾಲಾಕ್ಷಿ ಪೀಠದ ಕಡೆ ತಿರುಗಿದರು. "ಬರಕೋರಿ ಸಾಹೇಬ್ರ. ಇವರಿಗೂ ಗೊತ್ತೈತಿ."

ಪೀಠದ ಹಿರಿಯರು ನಗಲಿಲ್ಲ, ಆದರೆ ನೀರು ಕುಡಿದರು, ಅದೂ ಸ್ವಲ್ಪ ಹೆಚ್ಚು ಹೊತ್ತು. ಅಷ್ಟರಲ್ಲಿ ಸುಧಾರಿಸಿಕೊಂಡ ಮಿಹಿರ್‌ಬಾಬು ಎದ್ದು, ಎದುರು ವಕೀಲರ ಈ ಮಾತಿಗಿಂತ ಹೆಚ್ಚಿನ ವಾದ ತಮ್ಮ ಬಳಿ ಇಲ್ಲವೆಂದು ಹೇಳಿ ಬೇಗ ಕೂತುಬಿಟ್ಟರು. ಅವರು ವಕೀಲಿಯಲ್ಲಿ ಪಳಗಿದವರು.

ಆದೇಶ ಬರಲು ಮಳೆಗಾಲ ಅರ್ಧ ಕಳೆಯಬೇಕಾಯಿತು. ಪ್ರೀತಿಯಿಂದಲೋ ಪದ್ಧತಿಯಿಂದಲೋ ಕೊಟ್ಟದ್ದು ಪ್ರಯಾಣದ ಪ್ರತಿಫಲವಾಗುವುದಿಲ್ಲ, ಆದ್ದರಿಂದ ಕೆಳಗಿನ ತೀರ್ಪಿನ ಒಂಬತ್ತನೆಯ ಪ್ಯಾರಾವನ್ನು ರದ್ದು ಮಾಡಲಾಗಿದೆ ಎಂದು ಅದರಲ್ಲಿತ್ತು. ಕಾಲು ಪಾಲೂ ಬಂತು. ಮೇಲ್ಮನವಿಯ ಖರ್ಚು ಮಾತ್ರ ಕೊಡಿಸಲಿಲ್ಲ. ಅವರವರ ಖರ್ಚು ಅವರವರದೇ ಎಂದಿದ್ದರು. ಮಿಹಿರ್‌ಬಾಬುಗೆ ಅದಕ್ಕೆ ಬೇಜಾರು. ವಿಶಾಲಾಕ್ಷಿ ಹುಬ್ಬೇರಿಸಲೂ ಇಲ್ಲ. ನೀಲವ್ವನಿಗೆ ಫೋನು ಮಾಡಿ, "ಅಮ್ಮಾರ, ಬಾಡಿಗಿ ಅಲ್ಲಂತ" ಎಂದಷ್ಟೇ ಹೇಳಿದರಂತೆ. ಆ ಕಡೆಯಿಂದ, "ಅದನ್ನ ಹೇಳಾಕ ಅವರಿಗೆ ಇಷ್ಟ ದಿನಾ ಬೇಕಾತೇನ?" ಎಂದು ಉತ್ತರ ಬಂತಂತೆ.

ಸಂಘದ ಪತ್ರಿಕೆಯಲ್ಲಿ ಅಶ್ವತ್ಥನಾರಾಯಣರು ಇದನ್ನು "ಸಂಘದ ಅವಿರತ ಹೋರಾಟಕ್ಕೆ ಸಂದ ಜಯ" ಎಂದು ಬರೆದರು. ತಮ್ಮ ಭಾವಚಿತ್ರವನ್ನೂ ಹಾಕಿಸಿದರು. ವಿಶಾಲಾಕ್ಷಿಯವರ ಚಿತ್ರಕ್ಕೆ ಜಾಗ ಸಾಲಲಿಲ್ಲ. ಆಕೆ ಆ ಸಂಚಿಕೆಯ ಹಾಳೆಯಲ್ಲಿ ಗಿರ್ಮಿಟ್ಟು ಕಟ್ಟಿ ಕೊಟ್ಟಿದ್ದನ್ನು ನಾನು ನೋಡಿದ್ದೇನೆ.

ಮುಂದಿನ ವಾರ ಗದಗಿನ ಕಡೆಯಿಂದ ಯಾತ್ರಿಕರು ಬರುವವರಿದ್ದರು. ಅಧ್ಯಕ್ಷರಿಗೆ ಏನನ್ನಿಸಿತೋ, ಈ ಸಲ ಸ್ವಾಗತ ಭಾಷಣವನ್ನು ಖುದ್ದಾಗಿ ಮಾಡುವುದಾಗಿ ಹೇಳಿ ಸಿಲ್ಕ್ ಜುಬ್ಬದಲ್ಲಿ ಬಂದು ವಿಶಾಲಾಕ್ಷಿಯವರ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ. ಹೊಸ ಮೂತಿಯ ನೀಲಿ ಕಾರು ಟ್ರಾಫಿಕ್ಕಿನಲ್ಲಿ ತೆವಳುತ್ತ ಸಿಯಾಲ್ದಾ ಫ್ಲೈಓವರಿನ ಬುಡಕ್ಕೆ ಬಂತು. ಅಲ್ಲಿಯವರೆಗೆ ಅಧ್ಯಕ್ಷರು ಯೋಚನೆಯಲ್ಲಿದ್ದರು. ಅದು ಯಾವತ್ತೂ ಒಳ್ಳೆಯ ಲಕ್ಷಣವಲ್ಲ.

"ಅಲ್ಲಮ್ಮಾ ವಿಶಾಲಾಕ್ಷಿ, ಒಂದು ಸಲ ಪಾರಾದೆವು. ಇನ್ನು ಮೇಲೆ ಕಾರು ಹತ್ತೋಕೆ ಮುಂಚೆ ಪ್ರತಿಯೊಬ್ಬರ ಹತ್ರಾನೂ, ನಾವು ಉಡಿ ಗಿಡಿ ಏನೂ ತುಂಬೋದಿಲ್ಲ ಅಂತ ಒಂದು ಡಿಕ್ಲರೇಷನ್ ಬರೆಸಿಕೊಂಡು ಸೈನ್ ಹಾಕಿಸಿಕೊಂಡ್ರೆ ಹೇಗೆ? ಕರಡು ನಾನೇ ತಯಾರು ಮಾಡ್ತೀನಿ."

ವಿಶಾಲಾಕ್ಷಿ ಕಾರನ್ನು ಎಡಕ್ಕೆ ತಂದು ನಿಲ್ಲಿಸಿದರು.

"ಇಳೀರಿ."